ನಕ್ಷತ್ರಗಳೆಲ್ಲ ಆರೇ ಹೆಸರಿನ ಮುಂದೆ

ಪ್ರಶ್ನೆ: ನಾನು ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಯ ಶಿಕ್ಷಕಿ. 31 ಮಕ್ಕಳಿದ್ದಾರೆ. ಮಕ್ಕಳಿಗೆ ಹುರುಪು ಬರಲೆಂದು ಜೂನ್‌ನಲ್ಲಿ ಗೋಡೆಗೆ ಒಂದು ಚಾರ್ಟ್ ಹಾಕಿದೆ. ಎಲ್ಲರ ಹೆಸರು, ಹೆಸರಿನ ಮುಂದೆ ನಕ್ಷತ್ರದ ಸ್ಟಿಕ್ಕರ್. ಹೋಂವರ್ಕ್ ಮಾಡಿದರೆ ಒಂದು, ಲೆಕ್ಕ ಸರಿ ಬಂದರೆ ಒಂದು, ವಾರವಿಡೀ ತಪ್ಪದೆ ಬಂದರೆ ಒಂದು. ಮೊದಲ ತಿಂಗಳು ಮಕ್ಕಳು ಕುಣಿದಾಡಿದರು. ಈಗ ದೀಪಾವಳಿ ಕಳೆದಿದೆ. ಆರು ಮಕ್ಕಳ ಹೆಸರಿನ ಮುಂದೆ ಅಂಟಿಸಲು ಜಾಗವಿಲ್ಲ, ಹನ್ನೆರಡು ಮಕ್ಕಳ ಮುಂದೆ ಎರಡೋ ಮೂರೋ. ಒಬ್ಬ ಹುಡುಗ ಲೆಕ್ಕ ಕೊಟ್ಟ ಕೂಡಲೇ 'ನನಗ ಬರಂಗಿಲ್ಲ ಬಿಡ್ರಿ ಟೀಚರ್' ಎಂದು ಪೆನ್ಸಿಲ್ ಕೆಳಗಿಡುತ್ತಾನೆ. ಅತಿ ಹೆಚ್ಚು ನಕ್ಷತ್ರ ಪಡೆದ ಹುಡುಗಿ ಸ್ವಲ್ಪ ಕಷ್ಟದ ಲೆಕ್ಕ ಬಂದರೂ ಅಳುತ್ತಾಳೆ. ದಿನಾ ಪ್ರಾರ್ಥನೆಯಲ್ಲಿ 'ನನ್ನಿಂದ ಸಾಧ್ಯ' ಎಂದು ಎಲ್ಲರಿಂದಲೂ ಹೇಳಿಸುತ್ತೇವೆ. ಜನವರಿಯಲ್ಲಿ ವಾರ್ಷಿಕೋತ್ಸವ, ಬಹುಮಾನಕ್ಕೆ ಹೆಸರು ಕೊಡಿ ಎಂದು ಮುಖ್ಯಗುರುಗಳು ಕೇಳಿದ್ದಾರೆ. ನಾನು ಎಲ್ಲಿ ತಪ್ಪಿದೆ? ಚಾರ್ಟ್ ತೆಗೆಯಲೇ, ಇರಲಿ ಬಿಡಲೇ?

ಉತ್ತರ:

ತೆಗೆಯಿರಿ. ಆದರೆ ಸಂಜೆ ಮಕ್ಕಳು ಹೋದ ಮೇಲೆ ಸದ್ದಿಲ್ಲದೆ ಕಿತ್ತು ಹಾಕಬೇಡಿ. ಆ ಆರು ಮಕ್ಕಳು ಐದು ತಿಂಗಳು ದುಡಿದು ಗಳಿಸಿದ್ದು ಅದು. ಕಾರಣ ಹೇಳದೆ ತೆಗೆದರೆ ತಾವೇನೋ ತಪ್ಪು ಮಾಡಿದೆವು ಎಂದು ಅವರಿಗೆ ಅನ್ನಿಸುತ್ತದೆ. 'ನೀವು ಕಲಿತದ್ದೆಲ್ಲ ಈ ಚಾರ್ಟಿನಲ್ಲಿ ಕಾಣಿಸ್ತಿಲ್ಲ, ಬೇರೆ ದಾರಿ ಮಾಡೋಣ' ಎಂದು ಎಲ್ಲರೆದುರು ಹೇಳಿ. ಬೇಕೆಂದವರಿಗೆ ಅವರ ಸಾಲನ್ನು ಕತ್ತರಿಸಿ ಮನೆಗೆ ಕೊಟ್ಟು ಕಳುಹಿಸಿ.

ನೀವು ತಪ್ಪಿದ್ದೆಲ್ಲಿ ಎಂದು ಕೇಳಿದ್ದೀರಿ. ಮಕ್ಕಳು ಉತ್ಸಾಹದಿಂದ ಇರಲಿ ಎಂದು ಬಯಸಿದ್ದರಲ್ಲಿ ಏನೂ ತಪ್ಪಿಲ್ಲ. ನಕ್ಷತ್ರ ಯಾವುದನ್ನು ಅಳೆಯಿತು ಎನ್ನುವುದರಲ್ಲಿ ತೊಂದರೆಯಾಗಿದೆ. ಹೋಂವರ್ಕ್ ಯಾರು ಮಾಡಿಕೊಂಡು ಬರುತ್ತಾರೆ? ಮನೆಯಲ್ಲಿ ಅಕ್ಷರ ಬಲ್ಲವರೊಬ್ಬರು ಪಕ್ಕದಲ್ಲಿ ಕೂರುವ ಮಕ್ಕಳು. ವಾರವಿಡೀ ಯಾರು ಬರುತ್ತಾರೆ? ಹತ್ತಿ ಬಿಡಿಸುವ ಕಾಲದಲ್ಲಿ ತಾಯಿಯ ಜೊತೆ ಹೊಲಕ್ಕೆ ಹೋಗಬೇಕಿಲ್ಲದವರು, ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಕೂರಬೇಕಿಲ್ಲದವರು, ಅಪ್ಪ ಅಮ್ಮ ಗುಳೆ ಹೋಗದವರು. ನಿಮ್ಮ ಕಡೆಯ ಬದುಕು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮೂರು ನಕ್ಷತ್ರಗಳಲ್ಲಿ ಎರಡು ಮಗುವಿನ ಮನೆಗೆ ಸಂದವು. ಒಂಬತ್ತು ವರ್ಷದ ಮಗುವಿಗೆ ಇದನ್ನು ಬಿಡಿಸಿ ಹೇಳಲು ಬಾರದು, ಆದರೆ ಅದು ಗೋಡೆಯನ್ನು ನೋಡಿ ತನ್ನ ಬೆಲೆ ಎಷ್ಟೆಂದು ತೀರ್ಮಾನಿಸಿಬಿಡುತ್ತದೆ. ನಿಮ್ಮ ಹನ್ನೆರಡು ಮಕ್ಕಳು ಅದೇ ತೀರ್ಮಾನಕ್ಕೆ ಬಂದಿದ್ದಾರೆ.

ಇನ್ನೂ ಒಂದು ಮಾತಿದೆ, ಅದು ನಕ್ಷತ್ರ ಹೆಚ್ಚು ಸಿಕ್ಕವರಿಗೆ ಸಂಬಂಧಿಸಿದ್ದು. 1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಒಂದು ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ 'ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಕೆಲವರಿಗೆ ಏನನ್ನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಉಳಿದವರಿಗೆ ಪತ್ರವೇ ಇಲ್ಲ. ಆ ಪತ್ರದ ಮೇಲಿದ್ದದ್ದು ಒಂದು ಬಂಗಾರದ ಬಣ್ಣದ ನಕ್ಷತ್ರ ಮತ್ತು ಒಂದು ರಿಬ್ಬನ್. ಒಂದೆರಡು ವಾರ ಬಿಟ್ಟು ನೋಡಿದಾಗ, ಪ್ರಶಸ್ತಿಯ ಆಸೆಗೆ ಬಿಡಿಸಿದ ಮಕ್ಕಳು ಬಿಡುವಿನ ವೇಳೆಯಲ್ಲಿ ಬಣ್ಣದ ಪೆನ್ನುಗಳನ್ನು ಕೈಗೆತ್ತಿಕೊಳ್ಳುವುದು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ನಿರೀಕ್ಷೆಯೇ ಇಲ್ಲದೆ ಪತ್ರ ಪಡೆದವರಲ್ಲಿ ಆಸಕ್ತಿ ಕುಗ್ಗಿರಲಿಲ್ಲ. ಬಹುಮಾನ ಕೊಡಲೇಬಾರದು ಎಂದು ಇದರ ಅರ್ಥವಲ್ಲ. 'ಇದನ್ನು ಮಾಡು, ಅದನ್ನು ಕೊಡುತ್ತೇನೆ' ಎಂಬ ವ್ಯಾಪಾರ ಒಮ್ಮೆ ಕುದುರಿದರೆ, ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೂ ಕೂಲಿಯ ಕೆಲಸವಾಗುತ್ತದೆ. ಅನಿರೀಕ್ಷಿತವಾಗಿ ಬಂದ ಮೆಚ್ಚುಗೆಗೆ ಆ ಗುಣವಿಲ್ಲ.

ಅಳುವ ಹುಡುಗಿಯ ಬಗ್ಗೆ ನನಗೆ ಆ ಹುಡುಗನಷ್ಟೇ ಚಿಂತೆಯಿದೆ. ಅವಳನ್ನು ದಿನಕ್ಕೆ ಎಷ್ಟು ಸಲ 'ಶಾಣ್ಯಾಕಿ' ಅನ್ನುತ್ತೀರಿ, ಎಣಿಸಿ ನೋಡಿ. ನೀವಷ್ಟೇ ಅಲ್ಲ, ಮುಖ್ಯಗುರುಗಳು, ಬಿಸಿಯೂಟದ ಅಕ್ಕಂದಿರು, ಮನೆಯವರು, ಎಲ್ಲರೂ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಸುಲಭದ ಒಗಟುಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ 'ನೀನು ಬುದ್ಧಿವಂತ' ಎಂದೂ ಕೆಲವರಿಗೆ 'ಚೆನ್ನಾಗಿ ಪ್ರಯತ್ನಪಟ್ಟೆ' ಎಂದೂ ಹೇಳಿದರು. ವ್ಯತ್ಯಾಸ ಆ ಒಂದು ಮಾತಿನದು, ಅಷ್ಟೇ. ಆಮೇಲೆ ಮುಂದಿನದನ್ನು ಆರಿಸಿಕೊಳ್ಳಿ ಎಂದಾಗ ಬುದ್ಧಿವಂತರೆನಿಸಿಕೊಂಡವರಲ್ಲಿ ಹೆಚ್ಚಿನವರು ತಪ್ಪಾಗದಂಥ ಸುಲಭದ ಒಗಟಿನ ಕಡೆ ಹೋದರು. ಪ್ರಯತ್ನಕ್ಕೆ ಹೊಗಳಿಸಿಕೊಂಡವರಲ್ಲಿ ಬಹುಪಾಲು ಮಂದಿ ಹೊಸದು ಕಲಿಸುವಂಥದ್ದನ್ನು ಕೇಳಿದರು. ನಡುವೆ ಎಲ್ಲರಿಗೂ ಬೇಕೆಂದೇ ಕಠಿಣ ಒಗಟು ಕೊಟ್ಟು ಸೋಲಿಸಿದರು. ಅದಾದ ಮೇಲೆ ಮತ್ತೆ ಸುಲಭದ್ದೇ ಬಂದರೂ ಮೊದಲ ಗುಂಪು ಹಿಂದಿಗಿಂತ ಕಡಿಮೆ ಸರಿ ಮಾಡಿತು. ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ತಮಗೆಷ್ಟು ಅಂಕ ಬಂತೆಂದು ಗುರುತು ಗೊತ್ತಾಗದ ಬೇರೆ ಮಕ್ಕಳಿಗೆ ಬರೆದು ತಿಳಿಸುವಾಗ, ಬುದ್ಧಿವಂತರೆನಿಸಿಕೊಂಡವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಕ್ಕಳು ಸುಳ್ಳು ಬರೆದರು.

ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹೋಗುವ ಮೊದಲು ನಾನು ಹದಿನಾಲ್ಕು ವರ್ಷ ತರಗತಿಯಲ್ಲಿದ್ದೆ. ನನ್ನ ಬಳಿಯೂ ಇಂಥ ಹುಡುಗಿಯೊಬ್ಬಳಿದ್ದಳು. ಉಳಿದವರಿಗೆ ಮಾದರಿಯಾಗಲಿ ಎಂದು ಅವಳ ನೋಟ್‌ಬುಕ್ಕನ್ನು ಎತ್ತಿ ಹಿಡಿದು ತೋರಿಸುತ್ತಿದ್ದೆ. ಒಂದು ದಿನ ಆ ಪುಸ್ತಕದ ನಡುವೆ ಹಾಳೆ ಹರಿದು ತೂತು ಬಿದ್ದದ್ದು ಕಂಡಿತು. ತಪ್ಪಾದ ಉತ್ತರವನ್ನು ನನ್ನ ಕಣ್ಣಿಗೆ ಬೀಳಬಾರದೆಂದು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯೇ ಹೋಗಿತ್ತು. ನಾನು ಹೊಗಳಿಕೆ ಎಂದುಕೊಂಡದ್ದು ಆ ಮಗುವಿಗೆ ಹೊರಲಾರದ ಹೊರೆಯಾಗಿತ್ತು. ಅವಳ ಮುಂದೆ ಕೂತು 'ಈ ತಪ್ಪು ನನಗೆ ಬೇಕು, ನೀನು ಹೇಗೆ ಯೋಚಿಸಿದೆ ಅಂತ ಇದರಿಂದಲೇ ನನಗೆ ತಿಳಿಯೋದು' ಎಂದು ಹೇಳಿದೆ. ಅವಳು ನಂಬಲು ಎರಡು ತಿಂಗಳು ಹಿಡಿಯಿತು. ನಿಮ್ಮ ಹುಡುಗಿಗೂ ಅಷ್ಟು ಕಾಲ ಕೊಡಿ. ಅವಳು ಸಲೀಸಾಗಿ ಮಾಡಿದ ಲೆಕ್ಕಕ್ಕೆ ಇನ್ನು ಹೊಗಳಬೇಡಿ. 'ಇದು ನಿನಗೆ ತೀರ ಸುಲಭ ಆಯ್ತು, ನಿನ್ನ ಸಮಯ ಹಾಳು ಮಾಡಿದೆ, ಬಾ, ಸ್ವಲ್ಪ ತಿಣುಕುವಂಥದ್ದು ಕೊಡ್ತೀನಿ' ಅನ್ನಿ. ಹಲಗೆಯ ಮೇಲೆ ನೀವೂ ಆಗಾಗ ಎಡವಿ, ಮಕ್ಕಳೆದುರೇ ತಿದ್ದಿಕೊಳ್ಳಿ.

ಈಗ ಪೆನ್ಸಿಲ್ ಕೆಳಗಿಡುವ ಹುಡುಗ. ಮೊದಲಿಗೆ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಅವನಿಗೆ ಹಲಗೆ ಕಾಣಿಸುತ್ತಿದೆಯೇ? ಹಿಂದಿನ ಸಾಲಿನಿಂದ ಎರಡು ಸಾಲು ಓದಿಸಿ ನೋಡಿ. ಅನುಮಾನ ಬಂದರೆ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ವೈದ್ಯರ ತಂಡಕ್ಕೆ ಕಾದು ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ. ಅವನು ತಾಂಡಾದಿಂದ ಬರುವ ಮಗುವೇ? ಮನೆಯಲ್ಲಿ ಲಂಬಾಣಿ ಆಡುವ ಮಗು ಕನ್ನಡದಲ್ಲಿ ಬರೆದ ಲೆಕ್ಕವನ್ನು ಮೊದಲು ಅನುವಾದ ಮಾಡಿಕೊಳ್ಳಬೇಕು, ಆಮೇಲೆ ಬಿಡಿಸಬೇಕು. ಎರಡು ಕೆಲಸ ಮಾಡಿದವನನ್ನು ಒಂದು ಕೆಲಸ ಮಾಡಿದವನ ಜೊತೆ ಹೋಲಿಸಿ ನಿಧಾನಸ್ಥ ಎಂದುಬಿಡುತ್ತೇವೆ.

ಇವೆರಡೂ ಅಲ್ಲವಾದರೆ, 'ಬರಂಗಿಲ್ಲ' ಎಂಬುದು ಸೋಮಾರಿತನ ಎಂದುಕೊಳ್ಳಬೇಡಿ. ಪ್ರಯತ್ನಪಟ್ಟು ಸೋಲುವುದಕ್ಕಿಂತ ಪ್ರಯತ್ನವನ್ನೇ ಮಾಡದೆ ಸೋಲುವುದು ಮರ್ಯಾದೆಯ ದೃಷ್ಟಿಯಿಂದ ಅಗ್ಗ. ಅವನು ತನ್ನ ಮಾನ ಉಳಿಸಿಕೊಳ್ಳುತ್ತಿದ್ದಾನೆ. ಇಂಥ ಮಗುವಿಗೆ 'ನಿನ್ನಿಂದ ಸಾಧ್ಯ' ಎಂದು ನೂರು ಸಲ ಹೇಳಿದರೂ ಇಳಿಯುವುದಿಲ್ಲ, ಏಕೆಂದರೆ ಅವನ ಹತ್ತಿರ ಅದಕ್ಕೆ ವಿರುದ್ಧವಾದ ಸಾಕ್ಷಿಯೇ ಐದು ತಿಂಗಳಿನದ್ದಿದೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲೇ ಹೇಳಿದಂತೆ, ನನ್ನಿಂದಾಗುತ್ತದೆ ಎಂಬ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಬುನಾದಿ ತಾನೇ ಒಮ್ಮೆ ಮಾಡಿ ಗೆದ್ದ ಅನುಭವ. ಬೇರೆಯವರ ಮಾತಿನ ಬಲ ಅದರ ಮುಂದೆ ಕಡಿಮೆ. ಇಂಗ್ಲೆಂಡಿನ ನೂರರಷ್ಟು ಪ್ರಾಥಮಿಕ ಶಾಲೆಗಳಲ್ಲಿ, ಬುದ್ಧಿ ಬೆಳೆಸಿದಂತೆ ಬೆಳೆಯುತ್ತದೆ ಎಂಬ ಮನೋಭಾವವನ್ನು ಮಕ್ಕಳಿಗೆ ಪಾಠ ಮಾಡಿ ತುಂಬುವ ಒಂದು ದೊಡ್ಡ ಪರೀಕ್ಷೆ ನಡೆಯಿತು. 2019ರಲ್ಲಿ ಬಂದ ವರದಿಯ ಪ್ರಕಾರ ಓದು, ಲೆಕ್ಕಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ. ನಿಮ್ಮ ಪ್ರಾರ್ಥನೆಯ ಘೋಷಣೆಯನ್ನು ನಿಲ್ಲಿಸಿ ಎನ್ನುತ್ತಿಲ್ಲ. ಅದರಿಂದ ಮಗುವಿನ ಮನಸ್ಸು ಬದಲಾಗುತ್ತದೆಂದು ನೆಚ್ಚಿಕೊಳ್ಳಬೇಡಿ, ಅಷ್ಟೇ.

ಹಾಗಾದರೆ ಗೆದ್ದ ಅನುಭವವನ್ನು ಎಲ್ಲಿಂದ ತರುವುದು? ಉತ್ತರ ನಿಮ್ಮ ಪಕ್ಕದ ಕೋಣೆಯಲ್ಲಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮದೇ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ಶುರುವಾದದ್ದು ಸರ್ಕಾರಿ ಶಾಲೆಯ ಶಿಕ್ಷಕರ ಕೈಯಿಂದಲೇ. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಕಟ್ಟಿದರು. ನಿಮ್ಮ ಈ 31 ಮಕ್ಕಳೂ ಕಳೆದ ವರ್ಷದವರೆಗೆ ಆ ಏಣಿಯ ಮೇಲಿದ್ದವರು. ಪ್ರತಿ ಮಗುವಿಗೂ ತಾನು ಯಾವ ಮೈಲಿಗಲ್ಲಿನಲ್ಲಿದ್ದೇನೆ, ಮುಂದಿನದು ಯಾವುದು ಎಂದು ಗೊತ್ತಿತ್ತು. ಯಾವ ತಟ್ಟೆಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕು ಎಂದು ಗೊತ್ತಿತ್ತು: ಇವತ್ತು ಟೀಚರ್ ಹತ್ತಿರ, ನಾಳೆ ಗೆಳೆಯನ ನೆರವಿನಲ್ಲಿ, ನಾಳಿದ್ದು ಸ್ವಂತವಾಗಿ. ಗೈರಾಗಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದಿತ್ತು. ಬಿಡಿಸಿದ ಚಿತ್ರ, ಬರೆದ ಹಾಳೆ ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತಿತ್ತು, ಎಲ್ಲರದ್ದೂ. ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಏಣಿ, ತಟ್ಟೆ, ಚಪ್ಪರ ಮೂರೂ ಹೋದವು. ಎಲ್ಲರಿಗೂ ಒಂದೇ ಪುಟ, ಒಂದೇ ಲೆಕ್ಕ, ಒಂದೇ ದಿನ. ನಲಿ-ಕಲಿ ದೋಷವಿಲ್ಲದ್ದು ಎಂದು ನಾನು ವಾದಿಸುವುದಿಲ್ಲ. ಕಾರ್ಡುಗಳ ರಾಶಿಯಲ್ಲಿ ಕಳೆದುಹೋದ ಶಿಕ್ಷಕರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ನಿನ್ನೆಯ ತನ್ನನ್ನು ಇವತ್ತಿನ ತನ್ನ ಜೊತೆ ಹೋಲಿಸಿಕೊಳ್ಳುವ ದಾರಿಯೊಂದನ್ನು ಅದು ಮಗುವಿಗೆ ಕೊಟ್ಟಿತ್ತು. ಆ ದಾರಿಯನ್ನು ನಾಲ್ಕನೇ ತರಗತಿಗೆ ವಾಪಸ್ ತನ್ನಿ ಎನ್ನುವುದೇ ನನ್ನ ಉತ್ತರದ ತಿರುಳು.

ಕಳೆಯುವ ಲೆಕ್ಕವನ್ನೇ ತೆಗೆದುಕೊಳ್ಳಿ. 52ರಲ್ಲಿ 28 ಕಳೆ ಎಂದರೆ ಆ ಹುಡುಗ ಬಹುಶಃ 36 ಎಂದು ಬರೆಯುತ್ತಾನೆ. ಇದು ತೋಚಿದ್ದನ್ನು ಗೀಚಿದ್ದಲ್ಲ. ಎರಡರಲ್ಲಿ ಎಂಟು ಹೋಗುವುದಿಲ್ಲ, ಹಾಗಾಗಿ ಎಂಟರಲ್ಲಿ ಎರಡು ಕಳೆದಿದ್ದಾನೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ಪಾಠವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ತಪ್ಪು ಗುರುತು ಹಾಕುವ ಬದಲು ಕಡ್ಡಿಗಳನ್ನು ತನ್ನಿ. ಹತ್ತರ ಐದು ಕಟ್ಟು, ಎರಡು ಬಿಡಿ. 'ಇದರಲ್ಲಿ ಎಂಟು ಕಡ್ಡಿ ನನಗೆ ಕೊಡು' ಅನ್ನಿ. ಅವನು ಒಂದು ಕ್ಷಣ ತಡೆದು ಒಂದು ಕಟ್ಟನ್ನು ಬಿಚ್ಚುತ್ತಾನೆ. ಆ ಕ್ಷಣಕ್ಕಾಗಿ ಕಾದಿರಿ. ಭೇಷ್, ಶಾಣ್ಯಾ ಅನ್ನಬೇಡಿ. 'ಕಟ್ಟು ಬಿಚ್ಚಿದೆಯಲ್ಲ, ಈ ಲೆಕ್ಕದ ಗುಟ್ಟೇ ಅದು' ಅನ್ನಿ. ಆ ಮಾತಿನಲ್ಲಿ ಹೊಗಳಿಕೆಯೂ ಇದೆ, ನಾಳೆ ಮತ್ತೆ ಮಾಡಲು ಬೇಕಾದ ತಿಳಿವಳಿಕೆಯೂ ಇದೆ. ಮಾರನೆಯ ದಿನ ಕಡ್ಡಿಯ ಜೊತೆ ಹಾಳೆಯ ಮೇಲೂ ಬರೆಯಲಿ. ಮೂರನೆಯ ದಿನ ಕಡ್ಡಿ ಬೇಡ ಎಂದು ಅವನೇ ಹೇಳಬಹುದು.

ಸಣ್ಣ ಗೆಲುವಿಗೆ 'ಅದ್ಭುತ! ಅಮೋಘ!' ಎಂದು ಏರಿಸಿ ಹೇಳಬೇಡಿ, ಅದರಲ್ಲೂ ಇಂಥ ಮಗುವಿಗೆ. ನೆದರ್ಲೆಂಡ್ಸ್‌ನ ಎಡ್ಡಿ ಬ್ರುಮ್ಮೆಲ್ಮನ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದು ಇದನ್ನೇ. ತಮ್ಮ ಬಗ್ಗೆ ತಮಗೇ ಅಭಿಮಾನ ಕಡಿಮೆಯಿರುವ ಮಕ್ಕಳಿಗೆ ದೊಡ್ಡವರು ಉಬ್ಬಿಸಿದ ಹೊಗಳಿಕೆಯನ್ನೇ ಹೆಚ್ಚು ಕೊಡುತ್ತಾರೆ, ಆ ಮಕ್ಕಳು ಅದನ್ನು ಕೇಳಿದ ಮೇಲೆ ಕಷ್ಟದ ಕೆಲಸದಿಂದ ಇನ್ನಷ್ಟು ದೂರ ಸರಿಯುತ್ತಾರೆ. ಅಷ್ಟು ಎತ್ತರದ ಮಾತನ್ನು ಮುಂದಿನ ಸಲವೂ ಉಳಿಸಿಕೊಳ್ಳಬೇಕಲ್ಲ ಎಂಬ ಭಯ ಅದು.

ಇನ್ನೊಂದು ಉಪಾಯ. ಅವನ ಪಕ್ಕಕ್ಕೆ ಆರು ನಕ್ಷತ್ರವಂತರಲ್ಲಿ ಒಬ್ಬರನ್ನು ಕೂರಿಸಬೇಡಿ. ಹೋದ ತಿಂಗಳು ಇದೇ ಲೆಕ್ಕದಲ್ಲಿ ತಡವರಿಸಿ, ಈಗ ದಾರಿ ಹಿಡಿದ ಮಗುವನ್ನು ಕೂರಿಸಿ. ಡೇಲ್ ಶುಂಕ್ ಮತ್ತು ಆಂಟೊನೆಟ್ ಹ್ಯಾನ್ಸನ್ 1985ರಲ್ಲಿ ಪರೀಕ್ಷಿಸಿದ್ದು ಸರಿಯಾಗಿ ಇಂಥ ದಶಕ ಸಹಿತ ಕಳೆಯುವ ಲೆಕ್ಕವನ್ನೇ. ಲೆಕ್ಕ ಬಾರದ ಮಕ್ಕಳು ಶಿಕ್ಷಕರು ಬಿಡಿಸುವುದನ್ನು ನೋಡಿದ್ದಕ್ಕಿಂತ ತಮ್ಮಂಥದೇ ಮಗುವೊಂದು ಬಿಡಿಸುವುದನ್ನು ನೋಡಿದಾಗ ಹೆಚ್ಚು ಧೈರ್ಯ ತಂದುಕೊಂಡರು, ಹೆಚ್ಚು ಕಲಿತರು. 'ಅವಗ ಬಂತಂದ್ರ ನನಗೂ ಬರ್ತೈತಿ' ಎಂಬ ಲೆಕ್ಕ ಮಗುವಿನ ಮನಸ್ಸಿನಲ್ಲಿ ತಾನಾಗಿ ಆಗುತ್ತದೆ.

ಗೋಡೆಯ ಚಾರ್ಟಿಗೆ ಬದಲು ಏನು? ಹೊಸದೇನೂ ಬೇಡ. ಪ್ರತಿ ಮಗು ಬರೆದ, ಬಿಡಿಸಿದ ಹಾಳೆಗಳನ್ನು ಕೂಡಿಟ್ಟ ಕೃತಿ ಸಂಪುಟ ನಿಮ್ಮ ಬೀರುವಿನಲ್ಲಿದೆ. ತಪಾಸಣೆಗೆ ಬಂದವರಿಗೆ ತೋರಿಸಿ ಮತ್ತೆ ಒಳಗಿಡುವ ಆ ಫೈಲು ನಿಜವಾಗಿ ಮಗುವಿನದ್ದು. ತಿಂಗಳಿಗೊಮ್ಮೆ, ಕೊನೆಯ ಶನಿವಾರ ಎಂದಿಟ್ಟುಕೊಳ್ಳಿ, ಅದನ್ನು ಮಕ್ಕಳ ಕೈಗೆ ಕೊಡಿ. ಜೂನ್‌ನಲ್ಲಿ ಬರೆದ ಉಕ್ತಲೇಖನದ ಹಾಳೆಯ ಪಕ್ಕ ಈಗ ಬರೆದದ್ದನ್ನು ಇಟ್ಟು ನೋಡಲಿ. 'ಆಗ ಬಾರದೆ ಇದ್ದದ್ದು ಈಗ ಏನು ಬರುತ್ತೆ?' ಎಂದು ಒಂದು ಸಾಲು ಅವರೇ ಬರೆಯಲಿ. ಒತ್ತಕ್ಷರ ತಪ್ಪದೆ ಬರೆಯುವುದು, ಏಳರ ಮಗ್ಗಿ, ತಂಗಿಗೆ ಕಥೆ ಓದಿ ಹೇಳಿದ್ದು, ಸಿಟ್ಟು ಬಂದಾಗ ಹೊಡೆಯದೆ ಇದ್ದದ್ದು, ಏನಾದರೂ ಆದೀತು. ನಾನು ನೋಡಿದ ತರಗತಿಗಳಲ್ಲಿ ಮಕ್ಕಳು ತಮ್ಮ ಹಳೆಯ ಅಕ್ಷರ ನೋಡಿ ನಕ್ಕುಬಿಡುತ್ತಾರೆ. ಆ ನಗುವನ್ನು ಯಾವ ಸ್ಟಿಕ್ಕರೂ ತರಲಾರದು. ಆ ವಾರ ಮಕ್ಕಳು ತಾವೇ ಆರಿಸಿದ ಹಾಳೆಯನ್ನು ದಾರ ಕಟ್ಟಿ ತೂಗುಹಾಕಿ. ನಾಲ್ಕನೇ ತರಗತಿಯಲ್ಲಿ ಚಪ್ಪರ ಇರಬಾರದೆಂದು ಎಲ್ಲೂ ಬರೆದಿಲ್ಲ.

ವಾರ್ಷಿಕೋತ್ಸವದ ವಿಷಯಕ್ಕೆ ಬರೋಣ. ಅಂಕ ಹೆಚ್ಚು ಪಡೆದವರಿಗೆ ಬಹುಮಾನ ಕೊಡುವ ದಾನಿಗಳು ಊರಲ್ಲಿದ್ದರೆ ಬೇಡ ಎನ್ನಲಾಗುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ದಾಟಿ ತಾಲ್ಲೂಕಿಗೆ ಹೋದ ಮಗುವನ್ನು ಊರಿನವರೆದುರು ನಿಲ್ಲಿಸಿ ಚಪ್ಪಾಳೆ ತಟ್ಟಿಸುವುದು ನ್ಯಾಯವೇ. ಆ ಸಂತೋಷವನ್ನು ಸಮಾನತೆಯ ಹೆಸರಿನಲ್ಲಿ ಕಿತ್ತುಕೊಳ್ಳಬಾರದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಿಂದೆ ಬಿದ್ದವರ ಹೆಸರನ್ನು ವೇದಿಕೆಯಿಂದ ಓದಿ ಹೇಳುವ ಅಭ್ಯಾಸವೊಂದು ಕೆಲವೆಡೆ ಇನ್ನೂ ಇದೆ, ಅದನ್ನು ಮಾತ್ರ ಯಾರೇ ಹೇಳಿದರೂ ಒಪ್ಪಬೇಡಿ. ನೂರಕ್ಕೆ ನೂರು ಹಾಜರಾತಿಯ ಬಹುಮಾನವನ್ನೂ ಕೈಬಿಡುವಂತೆ ಮುಖ್ಯಗುರುಗಳನ್ನು ಒಪ್ಪಿಸಿ. ಕಾರಣ ಮೇಲೆಯೇ ಹೇಳಿದ್ದೇನೆ.

ವೇದಿಕೆಗೆ ಮೊದಲು, ಸಾಧ್ಯವಾದರೆ ಡಿಸೆಂಬರಿನಲ್ಲೇ, ಶಾಲೆಯಂಗಳದಲ್ಲಿ ಒಂದು ಮಕ್ಕಳ ಸಂತೆ ಮಾಡಿ. ಮನೆಯಲ್ಲಿ ಬೆಳೆದ ಮೆಂತ್ಯ, ಮೆಣಸಿನಕಾಯಿ, ಹುರಿದ ಶೇಂಗಾ, ಚುರುಮುರಿ ತಂದು ಮಕ್ಕಳೇ ಮಾರಲಿ, ಊರವರು ಕೊಳ್ಳಲಿ. ನಿಮ್ಮ ಶಾಲೆಯಲ್ಲಿ ಆಗಲೇ ಮಾಡಿದ್ದರೆ, ಈ ಸಲ ನೀವು ಆ ಹುಡುಗನ ಹಿಂದೆ ನಿಂತು ನೋಡಿ. ಐವತ್ತರ ನೋಟು ಕೊಟ್ಟು 28 ರೂಪಾಯಿಯ ಸಾಮಾನು ಕೊಂಡವರಿಗೆ ಅವನು ಚಿಲ್ಲರೆ ಎಷ್ಟು ವಾಪಸ್ ಕೊಡುತ್ತಾನೆ? ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಮೂವರು ಸಂಶೋಧಕರು ಹೀಗೇ ಗಮನಿಸಿ 1985ರಲ್ಲಿ ಬರೆದರು: ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ 98ರಷ್ಟು ಸರಿ, ಅವೇ ಲೆಕ್ಕಗಳನ್ನು ಹಾಳೆಯ ಮೇಲೆ ಶಾಲೆಯ ರೀತಿಯಲ್ಲಿ ಕೊಟ್ಟಾಗ ಶೇ 37ರಷ್ಟು ಸರಿ. ನಿಮ್ಮ ಹುಡುಗ ಸರಿಯಾಗಿ 22 ರೂಪಾಯಿ ಎಣಿಸಿ ಕೊಟ್ಟರೆ, ಸೋಮವಾರ ತರಗತಿಯಲ್ಲಿ ಕೇಳಿ: 'ಮೊನ್ನೆ ಸಂತಿಯೊಳಗ ಹೆಂಗ ಲೆಕ್ಕ ಹಾಕಿದಿ? ನನಗೂ ಹೇಳ.' ಅವನು ಹೇಳುವ ದಾರಿ, 28ಕ್ಕೆ ಎರಡು ಕೂಡಿ ಮೂವತ್ತು, ಮೂವತ್ತಕ್ಕೆ ಇಪ್ಪತ್ತು ಕೂಡಿ ಐವತ್ತು ಎಂದಿರಬಹುದು. ಅದನ್ನು ಹಲಗೆಯ ಮೇಲೆ ಬರೆದು, ಅವನ ಹೆಸರನ್ನೇ ಇಟ್ಟು ಇಡೀ ತರಗತಿಗೆ ಕಲಿಸಿ.

ತಾಯಂದಿರನ್ನು ಮರೆಯಬೇಡಿ. ಪೋಷಕರ ಸಭೆಗೆ ಬಾರದವರು ಯಾರೆಂದು ನೋಡಿದರೆ ನಿಮ್ಮ ಹನ್ನೆರಡು ಮಕ್ಕಳ ಮನೆಯವರೇ ಹೆಚ್ಚಿರುತ್ತಾರೆ. ಕೂಲಿ ಬಿಟ್ಟು ಬಂದು ದೂರು ಕೇಳಿ ಹೋಗಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ವಾರಕ್ಕೆ ಇಬ್ಬರಿಗೆ ಫೋನ್ ಮಾಡಿ. ಎರಡೇ ನಿಮಿಷ. 'ಏನ್ರೀ ಅಕ್ಕಾರ, ನಿಮ್ಮ ಮಗ ಇವತ್ತು ಒಂದು ಪುಟ ಎಲ್ಲೂ ನಿಲ್ಲದ ಓದಿದ, ಅದನ್ನ ಹೇಳಾಕ ಫೋನ್ ಮಾಡೀನಿ' ಎಂದು ಹೇಳಿ ಇಟ್ಟುಬಿಡಿ. 'ಆದರೆ' ಎಂದು ಇನ್ನೊಂದು ಸೇರಿಸಬೇಡಿ. ಶಾಲೆಯಿಂದ ಫೋನ್ ಬಂತೆಂದರೆ ಎದೆ ಹಾರುವ ಮನೆಗಳಿವು. ಅಂದು ಸಂಜೆ ಮಗುವಿಗೆ ಸಿಗುವ ಮರ್ಯಾದೆಯೇ ಬೇರೆ.

ಮುಖ್ಯಗುರುಗಳು ಕೇಳಿದ ಪಟ್ಟಿಯಲ್ಲಿ ಆರು ಹೆಸರಿನ ಬದಲು 31 ಹೆಸರು ಬರೆದುಕೊಡಿ. ವೇದಿಕೆಯ ಮೇಲೆ ಒಂದು ಮಗುವಿಗೆ ಅರ್ಧ ನಿಮಿಷ ಹಿಡಿದರೂ ಹದಿನೈದು, ಹದಿನಾರು ನಿಮಿಷದ ಮಾತು; ಅತಿಥಿಗಳ ಭಾಷಣ ಒಂದನ್ನು ಕಡಿಮೆ ಮಾಡಿದರೆ ಮುಗಿಯಿತು. ಪ್ರತಿ ಹೆಸರಿನ ಮುಂದೆ ಜೂನ್‌ನಿಂದೀಚೆಗೆ ಆ ಮಗು ಮಾಡಿದ ಒಂದು ಕೆಲಸ, ಒಂದೇ ಸಾಲಿನಲ್ಲಿ. ಒಳ್ಳೆಯ ಹುಡುಗಿ, ಶಿಸ್ತಿನ ಹುಡುಗ ಎಂಬಂಥ ಯಾರಿಗೂ ಒಪ್ಪುವ ಸಾಲು ಬೇಡ. ಆ ಮಗುವಿಗೆ ಮಾತ್ರ ಸಲ್ಲುವಂಥದ್ದನ್ನು ಬರೆಯಿರಿ. ಈ ಶನಿವಾರ ಸಂಜೆಯೇ ಹಾಳೆ ತೆಗೆದುಕೊಂಡು ಕುಳಿತುಕೊಳ್ಳಿ. ಇಪ್ಪತ್ತು, ಇಪ್ಪತ್ತೆರಡು ಹೆಸರಿನವರೆಗೆ ಪೆನ್ನು ಓಡುತ್ತದೆ. ಆಮೇಲೆ ಯಾವ ಮಗುವಿನ ಹೆಸರಿನ ಮುಂದೆ ಬರೆಯಲು ನಿಮಗೆ ಏನೂ ಹೊಳೆಯುವುದಿಲ್ಲವೋ, ಸೋಮವಾರ ಬೆಳಿಗ್ಗೆ ಮೊದಲು ಹೋಗಿ ಆ ಮಗುವಿನ ಪಕ್ಕ ಕೂರಿ.